ಬದಲಿ ಜಾಗ

ಸಮುದ್ರ ನಮ್ಮಕ್ಕನ ಮನೆಗೆ ಬರುವುದು ಬಚ್ಚಲಿನ ಕಡೆಯಿಂದ. ಮುಂಬಾಗಿಲು ತಟ್ಟಿ ಬರುವಷ್ಟು ಮರ್ಯಾದೆ ಅದಕ್ಕಿಲ್ಲ ಎನ್ನುತ್ತಾರೆ ಭಾವ. ದೊಡ್ಡ ಉಬ್ಬರದ ದಿನ ಮೊದಲು ಬಚ್ಚಲ ತೂತಿನಲ್ಲಿ ಗುಳುಗುಳು ಸದ್ದಾಗುತ್ತದೆ, ಆಮೇಲೆ ಬೂದು ನೊರೆ ಉಕ್ಕುತ್ತದೆ, ನೋಡನೋಡುತ್ತಿದ್ದಂತೆ ಹಜಾರದ ತುಂಬ ಪಾದ ಮುಳುಗುವಷ್ಟು ಉಪ್ಪುನೀರು. ಅಕ್ಕ ಗಾಬರಿಯಾಗುವುದಿಲ್ಲ. ಹೊಲಿಗೆ ಯಂತ್ರವನ್ನು ಎಂದೋ ಇಟ್ಟಿಗೆಗಳ ಮೇಲೆ ಕೂರಿಸಿದ್ದಾಳೆ, ಬಟ್ಟೆಯ ಗಂಟುಗಳನ್ನು ಅಟ್ಟಕ್ಕೇರಿಸಿದ್ದಾಳೆ. ಪೊರಕೆ ಹಿಡಿದು, ಬಂದ ನೀರನ್ನು ಬಂದ ದಾರಿಗೇ ಗುಡಿಸುತ್ತಾಳೆ.

ಆ ಭಾನುವಾರವೂ ಹಾಗೇ ಗುಡಿಸುತ್ತಿದ್ದಳು. ನಾನು ಕುರ್ಚಿಯ ಮೇಲೆ ಕಾಲು ಮಡಚಿ ಕೂತು ಟೀ ಕುಡಿಯುತ್ತಿದ್ದೆ. ಸಹಾಯಕ್ಕೆ ಎದ್ದರೆ ಬೈಯುತ್ತಾಳೆ, ಏಳದಿದ್ದರೂ ಬೈಯುತ್ತಾಳೆ. ಹಾಗಿರುವಾಗ ಕೂತೇ ಬೈಸಿಕೊಳ್ಳುವುದು ಮೇಲು ಎಂಬ ತೀರ್ಮಾನಕ್ಕೆ ನಾನು ಬಂದು ಬಹಳ ಕಾಲವಾಗಿದೆ.

"ಗುಬ್ಬೀ, ಆ ಬಂದರಿನ ರಿಪೋರ್ಟು ನೀನೇ ಬರೀತಿರೋದಲ್ವಾ?" ಅಂದಳು. ಚಿಕ್ಕಂದಿನಲ್ಲಿ ಸಣಕಲಿಯಾಗಿದ್ದೆನೆಂದು ಇಟ್ಟ ಹೆಸರು. ಈಗ ಮೈ ಬಂದಿದೆ, ಹೆಸರು ಮಾತ್ರ ಹೋಗಿಲ್ಲ.

"ಹೌದು. ಯಾಕೆ?"

"ಅದ್ರಲ್ಲಿ ಇದನ್ನೂ ಬರಿ. ನಮ್ಮ ಬೀದಿಗೆ ಉಪ್ಪುನೀರು ನುಗ್ಗುತ್ತೆ ಅಂತ. ಎಷ್ಟು ಅರ್ಜಿ ಕೊಟ್ವಿ, ಯಾರೂ ಮೂಸಿ ಕೂಡ ನೋಡ್ಲಿಲ್ಲ. ನಿನ್ನ ರಿಪೋರ್ಟನ್ನ ದೊಡ್ಡೋರು ಓದ್ತಾರೆ. ಯಾರ ಕಣ್ಣಿಗಾದ್ರೂ ಬಿದ್ದು ಒಂದು ತಡೆಗೋಡೆ ಕಟ್ಟಿಸಿದ್ರೆ ಸಾಕು ನನಗೆ."

"ಅಕ್ಕ, ಅದು ಹಕ್ಕಿಗಳ ರಿಪೋರ್ಟು."

"ಹಕ್ಕಿ ಬಗ್ಗೆ ಪುಟಗಟ್ಟಲೆ ಬರೀತೀಯ. ಒಡಹುಟ್ಟಿದೋಳ ಬಗ್ಗೆ ಒಂದು ಸಾಲು ಬರೆಯೋಕೆ ಕೈ ನೋಯುತ್ತಾ?"

ಭಾವ ಬಸ್ಸಿನ ಚಾಲಕರು. ಮೊಣಕಾಲು ನೋವೆಂದು ಆವತ್ತು ರಜೆ ಹಾಕಿ, ಮಂಚದ ಮೇಲೆ ಕಾಲು ಚಾಚಿ ಕೂತಿದ್ದರು. "ನೀನೊಂದು ಕೆಲಸ ಮಾಡು," ಎಂದು ಅಕ್ಕನಿಗೆ ಅಂದರು. "ಬೆನ್ನಿಗೆ ಎರಡು ರೆಕ್ಕೆ ಹೊಲ್ಕೊಂಡು ಒಂಟಿ ಕಾಲಲ್ಲಿ ನಿಂತ್ಕೋ. ಆಗ ದುರ್ಬೀನು ಹಿಡ್ಕೊಂಡು ಬಂದು ಬರೀತಾಳೆ ಹಕ್ಕಿ ಮೇಡಮ್ಮು."

ನಾವು ಮೂವರೂ ನಕ್ಕೆವು. ನೀರಿನ್ನೂ ಇಳಿದಿರಲಿಲ್ಲ.

ಆ ಮನೆ ಅಕ್ಕ ಹೊಲಿದು ಮಾಡಿದ ಮನೆ. ಭಾವನ ಸಂಬಳ ಊಟಕ್ಕೆ, ಅಕ್ಕನ ಸೂಜಿ ಸೂರಿಗೆ ಎಂದು ಮದುವೆಯಾದ ಹೊಸತರಲ್ಲೇ ಮಾತಾಗಿತ್ತಂತೆ. ಹಜಾರವೇ ಅಂಗಡಿ. ಆ ಬೀದಿಯ ಮಕ್ಕಳ ಶಾಲೆಯ ಅಂಗಿ, ಆಸ್ಪತ್ರೆಯ ದಾದಿಯರ ಕೋಟು, ಬಂದರಿನ ಕೂಲಿಗಳ ಹರಿದ ಪ್ಯಾಂಟು, ಎಲ್ಲವೂ ಅವಳ ಕೈ ಕೆಳಗೇ ಹೋಗಬೇಕು. ಕಿಟಕಿಯಿಂದ ಬಟ್ಟೆ ಒಳಗೆ ಎಸೆದು "ಸಂಜೆಗೆ ಬೇಕು" ಎಂದು ಕೂಗಿ ಓಡುವವರೇ ಜಾಸ್ತಿ. ಅಳತೆ ಯಾರದ್ದೂ ಬರೆದಿಟ್ಟುಕೊಳ್ಳುವುದಿಲ್ಲ. ಬೀದಿಯಲ್ಲಿ ಹೋಗುವವರನ್ನು ನೋಡಿಯೇ ಸೊಂಟ ಎಷ್ಟು ಹೆಚ್ಚಿದೆ ಎಂದು ಹೇಳಿಬಿಡುತ್ತಾಳೆ. ಆ ಬೀದಿ ಬಿಟ್ಟರೆ ಅಕ್ಕನಿಗೆ ಬೇರೆ ಬದುಕಿಲ್ಲ, ಇದ್ದರೂ ಅವಳಿಗೆ ಬೇಕಿಲ್ಲ.

ನನ್ನ ಕೆಲಸ ಇಷ್ಟೇ: ಸಮುದ್ರದ ದಂಡೆಯಲ್ಲಿ ಯಾರಾದರೂ ಏನಾದರೂ ಕಟ್ಟುತ್ತೇವೆಂದು ಬಂದರೆ, ಅದರಿಂದ ಅಲ್ಲಿನ ಹಕ್ಕಿಗೆ, ಹುಳಕ್ಕೆ, ಹುಲ್ಲಿಗೆ ಏನಾಗುತ್ತದೆಂದು ಮೊದಲೇ ನೋಡಿ ಬರೆಯುವುದು. ಕರಾವಳಿ ಪ್ರಾಧಿಕಾರದವರು ಇದನ್ನು ನಮ್ಮಂಥ ಸಣ್ಣ ಸಂಸ್ಥೆಗಳಿಗೆ ವಹಿಸುತ್ತಾರೆ. ನಮ್ಮ ಕಚೇರಿ ಎಂದರೆ ಔಷಧದ ಅಂಗಡಿಯ ಮೇಲಿನ ಮಹಡಿ, ನಾಲ್ಕು ಮೇಜು, ಬಾಗಿಲ ಪಕ್ಕ ಕೆಸರು ಮೆತ್ತಿದ ಬೂಟುಗಳ ಸಾಲು, ಯಾವ ಕಿಟಕಿ ತೆಗೆದರೂ ಹೋಗದ ಪಾಚಿಯ ವಾಸನೆ. ಸಂಸ್ಥೆಯ ಯಜಮಾನರನ್ನು ನಾವೆಲ್ಲ ಸಾಹೇಬರು ಎನ್ನುತ್ತೇವೆ. ಒಳ್ಳೆಯ ಮನುಷ್ಯ. ಒಳ್ಳೆಯತನ ಖರ್ಚಾಗದಂತೆ ಎಚ್ಚರಿಕೆಯಿಂದ ಬಳಸುತ್ತಾರೆ.

ಈ ಸಲ ಬಂದರಿನ ಕಂಪನಿಯವರು ಹಡಗು ನಿಲ್ಲಿಸಲು ಹೊಸ ಜೆಟ್ಟಿ ಕಟ್ಟಬೇಕೆಂದಿದ್ದರು, ಅದೂ ಅಳಿವೆಯ ಕೆಸರುಬಯಲಿನ ಮೇಲೆ. ನದಿ ಕಡಲು ಸೇರುವ ಕಡೆ ನೀರಿಳಿದಾಗ ಬಯಲಾಗುವ ಜಾಗ ಅದು. ಗೊತ್ತಿಲ್ಲದವರು ಮೂಗು ಮುಚ್ಚಿಕೊಂಡು ದಾಟಿಹೋಗುತ್ತಾರೆ. ಆದರೆ ಆ ಕೆಸರಿನಲ್ಲಿ ಕೈಯಿಟ್ಟರೆ ಬೆರಳ ಸಂದಿಯಲ್ಲೆಲ್ಲ ಹುಳಗಳು ಮಿಸುಕಾಡುತ್ತವೆ. ಆ ಹುಳಗಳಿಗಾಗಿ ಭೂಮಿಯ ಆ ತುದಿಯಿಂದ ಉಲ್ಲಂಕಿಗಳು ಹಾರಿಬರುತ್ತವೆ. ಮುಷ್ಟಿಯಲ್ಲಿ ಅಡಗುವಷ್ಟು ಸಣ್ಣ ಹಕ್ಕಿ. ಬಂದಿಳಿದಾಗ ಎದೆಮೂಳೆ ಎದ್ದು ಕಾಣುವಷ್ಟು ಸೊರಗಿರುತ್ತವೆ. ಇಲ್ಲಿ ಹೊಟ್ಟೆ ತುಂಬದಿದ್ದರೆ ಮುಂದಿನ ದಾರಿಯಲ್ಲಿ ಎಲ್ಲೋ ನೀರಿನ ಮೇಲೆ ಬಿದ್ದು ಸಾಯುತ್ತವೆ.

ಅದಕ್ಕೇ ಆ ಬಯಲಿಗೆ ಕಾನೂನಿನ ರಕ್ಷಣೆ ಇದೆ. ಯಾರೂ ಮುಟ್ಟುವಂತಿಲ್ಲ. ಬೇರೆ ದಾರಿಯೇ ಇಲ್ಲ, ಮುಟ್ಟಲೇಬೇಕು ಎಂದು ಸಾಬೀತಾದರೆ, ಹೋದಷ್ಟೇ ಜಾಗವನ್ನು ಇನ್ನೊಂದು ಕಡೆ ಹಕ್ಕಿಗಳಿಗೆ ಮಾಡಿಕೊಡಬೇಕು. ಅದನ್ನು ಬದಲಿ ಜಾಗ ಎನ್ನುತ್ತೇವೆ.

ಬದಲಿ ಜಾಗದ ಹೆಸರಿನಲ್ಲಿ ಎಂಥೆಂಥ ಕಣ್ಕಟ್ಟು ನಡೆಯುತ್ತದೆಂದು ನನಗೆ ಚೆನ್ನಾಗಿ ಗೊತ್ತು. ಹಿಂದೊಮ್ಮೆ ಇದೇ ಬಂದರಿನವರು ಬಯಲಿನ ಒಂದು ಅಂಚನ್ನು ನುಂಗಿ, ಬದಲಿಗೆ ಊರಾಚೆಯ ಹಳೆಯ ಕಲ್ಲುಗಣಿಯ ಹೊಂಡಕ್ಕೆ ನೀರು ತುಂಬಿ, ಸುತ್ತ ಬೇಲಿ ಹಾಕಿ, ಹಕ್ಕಿಯ ಚಿತ್ರದ ಬೋರ್ಡು ನೆಟ್ಟಿದ್ದರು. ಆ ಬೋರ್ಡಿನ ಮೇಲಿದ್ದದ್ದೊಂದೇ ಉಲ್ಲಂಕಿ. ಅಲ್ಲಿಗೆ ಬಂದವರೆಂದರೆ ನಾಲ್ಕು ಬಾತುಕೋಳಿ ಮತ್ತು ಮದುವೆಗೆ ಮುಂಚೆ ಫೋಟೊ ತೆಗೆಸಿಕೊಳ್ಳುವ ಜೋಡಿಗಳು. ಈ ಸಲವೂ ಅದೇ ಗಣಿಯ ಇನ್ನೊಂದು ಹೊಂಡ ತೋರಿಸಿ ಅರ್ಜಿ ಹಾಕಿದ್ದರು. ಓದಿದಾಗ ನನಗೆ ಮೈಯೆಲ್ಲ ಉರಿಯಿತು.

ಸಿಟ್ಟು ಬಂದಾಗ ನನ್ನ ಕೈ ಚೆನ್ನಾಗಿ ಓಡುತ್ತದೆ. ಬದಲಿ ಜಾಗ ಹೇಗಿರಬೇಕೆಂದು ಕೂತು ಶರತ್ತುಗಳನ್ನು ಬರೆದೆ. ಅದು ಈಗಿರುವ ಕೆಸರುಬಯಲಿಗೆ ಅಂಟಿಕೊಂಡೇ ಇರಬೇಕು, ಇಲ್ಲವಾದರೆ ಹುಳಗಳು ಅಲ್ಲಿಗೆ ಹರಡುವುದಿಲ್ಲ. ನೆಲ ಉಬ್ಬರದ ಮಟ್ಟಕ್ಕಿಂತ ತಗ್ಗಿರಬೇಕು, ಅಗೆದು ತಗ್ಗು ಮಾಡಿದ್ದಾಗಬಾರದು. ಈಗಾಗಲೇ ಉಪ್ಪುನೀರು ಕಂಡ ಮಣ್ಣಾಗಿರಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಹಕ್ಕಿಗಳು ಒಮ್ಮೆಯಾದರೂ ತಾವಾಗಿ ಬಂದು ಮೇದ ಗುರುತಿರಬೇಕು. ಕಲ್ಲುಗಣಿಯ ಹೊಂಡ ಇವುಗಳಲ್ಲಿ ಒಂದಕ್ಕೂ ಒಗ್ಗುವುದಿಲ್ಲ. ನನ್ನ ಲೆಕ್ಕ ಏನೆಂದರೆ, ಜೆಟ್ಟಿ ನುಂಗುವಷ್ಟು ದೊಡ್ಡದಾದ ಇಂಥ ಜಾಗ ಆ ಅಳಿವೆಯಲ್ಲೆಲ್ಲೂ ಖಾಲಿ ಇಲ್ಲ; ಜಾಗ ಸಿಗದಿದ್ದರೆ ಜೆಟ್ಟಿಯೂ ಇಲ್ಲ. ಬಂದರಿನವರ ಮೂಗು ಹಿಡಿದು ಬಾಯಿ ತೆರೆಸಿದೆ ಎಂದುಕೊಂಡೆ.

ಅಕ್ಕನ ಸಾಲನ್ನೂ ಬರೆದೆ. ಸುತ್ತಮುತ್ತಲ ವಸತಿಗಳ ಬಗ್ಗೆ ಒಂದು ಭಾಗ ಹೇಗೂ ಇರಲೇಬೇಕು. ಅಲ್ಲಿ, ತಗ್ಗಿನ ಬೀದಿಗೆ ದೊಡ್ಡ ಉಬ್ಬರಗಳಲ್ಲಿ ಉಪ್ಪುನೀರು ನುಗ್ಗುತ್ತಿದೆ, ನಿವಾಸಿಗಳಿಗೆ ರಕ್ಷಣೆ ಬೇಕಿದೆ ಎಂದು ಬರೆದೆ. ಬೀದಿಯ ಕೊನೆಯ ಖಾಲಿ ನಿವೇಶನದಲ್ಲಿ ನೀರಿಳಿದ ಮೇಲೆ ಉಲ್ಲಂಕಿಗಳು ಓಡಾಡಿದ್ದನ್ನು ಅಕ್ಕನ ಹಿತ್ತಲ ಬಾಗಿಲಲ್ಲಿ ನಿಂತು ನಾನೇ ಫೋಟೊ ತೆಗೆದಿದ್ದೆ. ಅದನ್ನೂ ಹಾಕಿದೆ. ಹಕ್ಕಿಯ ಫೋಟೊ ಇದ್ದರೆ ಪ್ರಾಧಿಕಾರದವರು ಆ ಪುಟದ ಮೇಲೆ ಒಂದು ಗಳಿಗೆ ಹೆಚ್ಚು ನಿಲ್ಲುತ್ತಾರೆ, ಹಾಗೇ ಬೀದಿಯ ಪಾಡೂ ಕಣ್ಣಿಗೆ ಬೀಳುತ್ತದೆ ಎಂಬ ಜಾಣತನ ನನ್ನದು. ವರದಿ ಕಳಿಸಿದ ದಿನ ಅಕ್ಕನಿಗೆ ಫೋನು ಮಾಡಿ, "ಬರ್ದಿದೀನಿ ಕಣೇ, ನಿನ್ನ ಬಚ್ಚಲು ಈಗ ಸರ್ಕಾರಿ ದಾಖಲೆ," ಅಂದೆ. ಅವಳು ಇಡೀ ಬೀದಿಗೆ ಹೇಳಿಕೊಂಡು ಬಂದಳಂತೆ.

ಕೆಲವು ತಿಂಗಳು ಕಳೆದ ಮೇಲೆ ಬಂದರಿನ ಎಂಜಿನಿಯರು ನಮ್ಮ ಕಚೇರಿಗೆ ಬಂದ. ನಾವು ಅವನನ್ನು ಇಸ್ತ್ರಿ ಎಂದು ಕರೆಯುವುದು. ಕೆಸರಿನಲ್ಲಿ ನಿಂತರೂ ಅವನ ಅಂಗಿಯ ಗೆರೆ ಕೆಡುವುದಿಲ್ಲ. ಜೆಟ್ಟಿ ನಾಡಿಗೆ ಅಗತ್ಯ, ಬೇರೆ ದಾರಿಯಿಲ್ಲ ಎಂದು ಮೇಲಿನವರು ತೀರ್ಮಾನಿಸಿದ್ದು ನಮಗೆ ಆಗಲೇ ಗೊತ್ತಿತ್ತು. ಶರತ್ತಿನ ಪ್ರಕಾರ ಬದಲಿ ಜಾಗ ತೋರಿಸಿದರೆ ಮಾತ್ರ ಅನುಮತಿ ಎಂದಿದ್ದರು. ಇಸ್ತ್ರಿ ನನ್ನ ಮೇಜಿನ ಮೇಲೆ ನಕ್ಷೆ ಬಿಡಿಸಿದ.

"ನಿಮಗೆ ಥ್ಯಾಂಕ್ಸ್ ಹೇಳ್ಬೇಕು ಮೇಡಂ," ಅಂದ. ಅಣಕ ಇರಲಿಲ್ಲ, ಮನಸಾರೆ ಹೇಳಿದ. "ಹೊಂಡದ ಪ್ಲಾನು ಕೈಬಿಟ್ವಿ. ನೀವು ಬರೆದ ಹಾಗೇ ಜಾಗ ಹುಡುಕಿದ್ವಿ. ನಿಮ್ಮ ರಿಪೋರ್ಟಲ್ಲೇ ಇತ್ತು ನೋಡಿ. ನಾವು ಸುಮ್ನೆ ಊರೆಲ್ಲ ತಿರುಗ್ತಿದ್ವಿ."

ನಕ್ಷೆಯಲ್ಲಿ ಕೆಸರುಬಯಲಿಗೆ ಅಂಟಿದಂತೆ ಒಂದು ತುಂಡಿಗೆ ಹಸಿರು ಬಳಿದಿತ್ತು. ಖಾಲಿ ನಿವೇಶನ, ಅದರ ಪಕ್ಕದ ಸಾಲುಮನೆ, ಎದುರು ಸಾಲು. ತಗ್ಗಿನ ಬೀದಿ ಪೂರ್ತಿ ಹಸಿರು. ದಂಡೆಯ ಒಡ್ಡು ಎಲ್ಲಿ ಒಡೆಯಬೇಕೆಂದು ಕೆಂಪು ಗೆರೆ ಎಳೆದಿದ್ದರು, ಅದು ಅಕ್ಕನ ಬಚ್ಚಲಿನ ಹಿಂದಕ್ಕೇ ಬಂದಿತ್ತು.

"ಇಲ್ಲಿ ಜನ ಇದಾರಲ್ಲ," ಅಂದೆ.

"ಜನ ಇರಬಾರ್ದು ಅಂತ ಶರತ್ತಿಲ್ವಲ್ಲ ಮೇಡಂ. ಅವರಿಗೆ ಒಳ್ಳೆ ಮನೆ ಕೊಡ್ತೀವಿ. ಹೇಗೂ ನೀರು ನುಗ್ಗೋ ಮನೆಗಳು, ನೀವೇ ಬರ್ದಿದೀರಿ. ಅವರಿಗೂ ಒಳ್ಳೇದು, ಹಕ್ಕಿಗೂ ಒಳ್ಳೇದು."

ಜನ ಇರಬಾರದು ಎಂಬ ಶರತ್ತು ಬರೆಯುವುದು ನನಗೆ ಹೊಳೆದೇ ಇರಲಿಲ್ಲ. ನಮ್ಮ ಕಸುಬಿನಲ್ಲಿ ಅದು ಹೊಳೆಯುವುದಿಲ್ಲ. ಹುಳ, ಉಪ್ಪು, ಮಣ್ಣಿನ ಮಟ್ಟ, ನೀರಿನ ಸೆಳೆತ, ಇವುಗಳಲ್ಲಿ ಒಂದನ್ನೂ ಬಿಡುವುದಿಲ್ಲ. ಮನೆಗಳನ್ನು ನಾವು ನೋಡುವುದು ಹಕ್ಕಿಗೆ ತೊಂದರೆ ಕೊಡುವ ವಸ್ತುಗಳೆಂದು ಮಾತ್ರ: ಬೆಳಕು, ಸದ್ದು, ನಾಯಿ, ಬೆಕ್ಕು. ನನ್ನದೇ ವರದಿಯಲ್ಲಿ ಅಕ್ಕನ ಮನೆ ಆ ಪಟ್ಟಿಯಲ್ಲೂ ಇತ್ತು.

ಇಸ್ತ್ರಿ ಹೋದ ಮೇಲೆ ಸಾಹೇಬರ ಕೋಣೆಗೆ ನುಗ್ಗಿದೆ. ಆ ಬೀದಿಯಲ್ಲಿ ನನ್ನ ಅಕ್ಕ ಇದ್ದಾಳೆ, ಶರತ್ತುಗಳಿಗೆ ಒಂದು ತಿದ್ದುಪಡಿ ಹಾಕಬೇಕು, ಜನವಸತಿ ಇಲ್ಲದ ಜಾಗವಾಗಿರಬೇಕೆಂದು ಸೇರಿಸಬೇಕು ಎಂದು ಒಂದೇ ಉಸಿರಿಗೆ ಹೇಳಿದೆ. ಅವರು ಪೆನ್ನಿನ ಕ್ಯಾಪು ಹಾಕಿ, ತೆಗೆದು, ಮತ್ತೆ ಹಾಕಿದರು.

"ಅಕ್ಕ ಇರೋದು ಮೊದ್ಲೇ ಯಾಕಮ್ಮಾ ಹೇಳ್ಲಿಲ್ಲ?"

"ಆಗ ಅದು ಸಂಬಂಧಪಟ್ಟ ಜಾಗವೇ ಆಗಿರ್ಲಿಲ್ಲ ಸರ್."

"ಈಗ ಆಗಿದೆ. ಈಗ ನೀವು ಒಂದು ಅಕ್ಷರ ತಿದ್ದಿದ್ರೂ ಅಕ್ಕನಿಗೋಸ್ಕರ ತಿದ್ದಿದ್ರು ಅಂತಾರೆ. ಆಮೇಲೆ ಇಡೀ ರಿಪೋರ್ಟು ಬಿದ್ದುಹೋಗುತ್ತೆ. ಬಿದ್ರೆ ಏನಾಗುತ್ತೆ ಗೊತ್ತಲ್ಲ? ಅವರ ಹಳೇ ಅರ್ಜಿ ಎದ್ದು ಕೂರುತ್ತೆ. ಜೆಟ್ಟಿ ಬರುತ್ತೆ, ಬದಲಿಗೆ ಕಲ್ಲುಗಣಿ ಹೊಂಡ ಬರುತ್ತೆ."

"ನೀವು ತಿದ್ದಬಹುದಲ್ಲ ಸರ್."

"ಯಾವ ಕಾರಣಕ್ಕೆ ಅಂತ ಬರೀಲಿ? ಹಕ್ಕಿಗೆ ಇದಕ್ಕಿಂತ ಒಳ್ಳೆ ಜಾಗ ಇದೆಯಾ? ನೀವೇ ಹೇಳಿ."

ಅದಕ್ಕಿಂತ ಒಳ್ಳೆಯ ಜಾಗ ಇರಲಿಲ್ಲ. ಸಾಹೇಬರು ನನ್ನ ಸಂಬಂಧದ ವಿಷಯವನ್ನು ಪ್ರಾಧಿಕಾರಕ್ಕೆ ಬರೆದು ತಿಳಿಸಿದರು. ವರದಿ ಈ ವಿಷಯ ಹುಟ್ಟುವ ಮೊದಲೇ ಬರೆದದ್ದು, ಅದರಲ್ಲಿ ತಪ್ಪೇನೂ ಇಲ್ಲ, ಸಾರ್ವಜನಿಕ ಸಭೆಯಲ್ಲಿ ಲೇಖಕಿಯೇ ಬಂದು ಪ್ರಶ್ನೆಗಳಿಗೆ ಉತ್ತರಿಸಲಿ ಎಂದು ಅಲ್ಲಿಂದ ಉತ್ತರ ಬಂತು. ನನ್ನ ಕೈ ಕಟ್ಟಿ, ಬಾಯಿ ಮಾತ್ರ ಬಿಟ್ಟಿದ್ದರು.

ಅಕ್ಕನಿಗೆ ಬೇರೆಯವರಿಂದ ತಿಳಿಯುವುದು ಬೇಡವೆಂದು ನಾನೇ ಹೋದೆ. ಅವಳು ಒಂದು ಅಂಗಿಗೆ ಕಾಲರ್ ಕೂರಿಸುತ್ತಿದ್ದಳು. ಭಾವ ಎದುರಿಗೆ ಕೂತು ಹಳೆಯ ಕೋಟಿನ ಗುಂಡಿ ಬಿಡಿಸುತ್ತಿದ್ದರು. ನಾನು ನಿಂತೇ ಹೇಳಿದೆ. ಅವಳು ಯಂತ್ರ ತುಳಿಯುವ ಕಾಲು ನಿಲ್ಲಿಸಲಿಲ್ಲ. ಹೊಲಿಗೆ ತುದಿಗೆ ಬಂದ ಮೇಲೆ ದಾರ ಕತ್ತರಿಸಿ, ಅಂಗಿಯನ್ನು ಮಡಚಿ ಪಕ್ಕಕ್ಕಿಟ್ಟು, ಆಮೇಲೆ ಕೇಳಿದಳು.

"ನಮ್ಮ ಮನೇನಾ?"

"ಬೀದಿ ಪೂರ್ತಿ."

"ಕೆಡವ್ತಾರಾ?"

"ಕೆಡವಿ, ಒಡ್ಡು ಒಡೆದು ನೀರು ಬಿಡ್ತಾರೆ. ಬೇರೆ ಮನೆ ಕೊಡ್ತಾರೆ ಅಕ್ಕ. ಊರಾಚೆ ಹೊಸ ಕಟ್ಟಡಗಳಿವೆಯಲ್ಲ, ಅಲ್ಲಿ. ಮೇಲಿನ ಮಹಡಿ, ನೀರಿನ ಕಾಟ ಇಲ್ಲ."

"ಮಹಡಿ ಹತ್ಕೊಂಡು ಬಂದು ಗುಂಡಿ ಹೊಲಿಸ್ಕೊಳ್ಳೋರು ಯಾರು?" ಅಂದಳು. "ಕಿಟಕಿಯಿಂದ ಬಟ್ಟೆ ಎಸೆಯೋಕೆ ಅಷ್ಟು ಮೇಲಕ್ಕೆ ಯಾರ ಕೈ ಏಳುತ್ತೆ?"

ಭಾವನ ಮುಖ ನೋಡಿದೆ, ಏನಾದರೂ ತಮಾಷೆ ಮಾಡಲಿ ಎಂದು. ಅವರು ಗುಂಡಿ ಬಿಡಿಸುವುದನ್ನು ನಿಲ್ಲಿಸಿರಲಿಲ್ಲ, ಆದರೆ ಕೋಟಿನಲ್ಲಿ ಗುಂಡಿ ಉಳಿದಿರಲಿಲ್ಲ.

ನನಗೆ ಅಳು ಬರುವ ಬದಲು ಸಿಟ್ಟು ಬಂತು. ನನ್ನ ಹಣೆಬರಹವೇ ಅದು. "ನೀನೇ ತಾನೆ ಬರಿ ಅಂದಿದ್ದು," ಎಂದುಬಿಟ್ಟೆ.

"ನೀರು ಬರುತ್ತೆ ಅಂತ ಬರಿ ಅಂದೆ ಗುಬ್ಬಿ. ನೀರು ಬಿಡಿ ಅಂತ ಬರಿ ಅಂದ್ನಾ?"

ಅವಳ ದನಿಯಲ್ಲಿ ಜಗಳವಿರಲಿಲ್ಲ. ಇದ್ದಿದ್ದರೆ ನನಗೆ ಸಲೀಸಾಗುತ್ತಿತ್ತು. ಸೂಜಿಗೆ ಹೊಸ ದಾರ ಪೋಣಿಸುತ್ತಾ, "ಈ ರಿಪೋರ್ಟು ಬೇರೆ ಯಾರಾದ್ರೂ ಬರೆದಿದ್ರೆ?" ಎಂದು ಕೇಳಿದಳು.

"ಇಷ್ಟು ಬಿಗಿಯಾಗಿ ಬರೀತಿರ್ಲಿಲ್ಲ. ಗಣಿ ಹೊಂಡಾನೇ ಒಪ್ಕೊಂಡುಬಿಡ್ತಿದ್ರು."

"ಅಂದ್ರೆ, ಕೆಲಸ ಬರದೇ ಇರೋರು ಬರೆದಿದ್ರೆ ನನ್ನ ಮನೆ ಉಳೀತಿತ್ತು."

ಸಂಜೆಯ ತನಕ ಕೂತಿದ್ದೆ. ಅವಳು ಟೀ ಕೊಟ್ಟಳು, ಬೈಯಲಿಲ್ಲ. ಅವಳ ಮನೆಯಲ್ಲಿ ಬೈಸಿಕೊಳ್ಳದೆ ಕೂತದ್ದು ಅದೇ ಮೊದಲು, ಆ ಕುರ್ಚಿ ಕೂರಲು ಯೋಗ್ಯವಲ್ಲ ಅನಿಸಿತು.

ಅದಾದ ಮೇಲೆ ಅಕ್ಕ ಫೋನು ಮಾಡಲಿಲ್ಲ. ನಾನು ಮಾಡಿದರೆ ಭಾವ ಎತ್ತಿ, ಹೊಲೀತಿದಾಳೆ, ಮಲಗಿದಾಳೆ ಎನ್ನುತ್ತಿದ್ದರು. ಸಭೆಯ ಹಿಂದಿನ ದಿನ ಭಾವನೇ ಫೋನು ಮಾಡಿದರು. ಅವರ ಪಕ್ಕದ ಮನೆಯಲ್ಲಿ ಕೋರ್ಟಿನಿಂದ ನಿವೃತ್ತರಾದ ಗುಮಾಸ್ತರೊಬ್ಬರಿದ್ದಾರೆ. ಅವರು ಕಾನೂನು ಪುಸ್ತಕ ತಿರುವಿಹಾಕಿ, ಬದಲಿ ಜಾಗಕ್ಕೆ ಹಕ್ಕಿಗಳು ಬರುತ್ತವೆಂಬ ಖಾತ್ರಿ ಬೇಕು, ಖಾತ್ರಿ ಇಲ್ಲವೆಂದರೆ ಆ ಜಾಗವನ್ನು ಒಪ್ಪುವಂತಿಲ್ಲ ಎಂದು ಹುಡುಕಿ ಹೇಳಿದ್ದರಂತೆ.

"ಅದು ನಿಜಾನಾ?" ಎಂದು ಭಾವ ಕೇಳಿದರು.

"ನಿಜ ಭಾವ."

"ನಾಳೆ ನಿಮ್ಮಕ್ಕ ಆ ಪ್ರಶ್ನೆ ಕೇಳ್ತಾಳೆ. ಬೀದಿಯವರೆಲ್ಲ ಸೇರಿ ಅವಳೇ ಕೇಳ್ಲಿ ಅಂತ ಒಪ್ಪಿಸಿದಾರೆ." ಆಮೇಲೆ, "ನಾನೇನೂ ಹೇಳಲ್ಲಮ್ಮ. ನಿನ್ನ ಕೆಲಸ ನಿನಗೆ ಗೊತ್ತು. ಕೇಳ್ತಾಳೆ ಅಂತ ತಿಳಿಸಿದೆ, ಅಷ್ಟೇ," ಎಂದು ಇಟ್ಟುಬಿಟ್ಟರು.

ನನ್ನ ಕಸುಬಿನವರು ಖಾತ್ರಿಯಾಗಿ ಏನನ್ನೂ ಹೇಳುವುದಿಲ್ಲ. ಸಾಧ್ಯತೆಯಿದೆ, ತಳ್ಳಿಹಾಕಲಾಗದು, ಇನ್ನಷ್ಟು ಅಧ್ಯಯನ ಬೇಕು, ಇವೇ ನಮ್ಮ ಮಾತು. ನಾನು ಬರೆದ ಎಲ್ಲ ವರದಿಗಳಲ್ಲೂ ಅವು ಇವೆ. ನಾಳೆಯೂ ಅದೇ ಮಾತನ್ನು ಹೇಳಿದರೆ ಯಾರೂ ಸುಳ್ಳು ಎನ್ನುವುದಿಲ್ಲ. ಹೇಳಿದರೆ ತಗ್ಗಿನ ಬೀದಿ ಕೈಬಿಡುತ್ತಾರೆ, ಅಕ್ಕ ತನ್ನ ಯಂತ್ರದ ಮುಂದೆ ಕೂತೇ ಇರುತ್ತಾಳೆ. ಹೊಂಡದ ಅರ್ಜಿ ಮತ್ತೆ ಬರುತ್ತದೆ, ಈಗಾಗಲೇ ಬೇಸತ್ತಿರುವ ಮೇಲಿನವರು ಶರತ್ತು, ಖಾತ್ರಿ ಎಲ್ಲ ಬದಿಗಿಟ್ಟು ಅದಕ್ಕೆ ಮುದ್ರೆ ಒತ್ತುತ್ತಾರೆ. ಮುಂದಿನ ಸಲ ಉಲ್ಲಂಕಿಗಳು ಬಂದಾಗ ಜೆಟ್ಟಿಯ ಮೇಲೆ ಒಂದು ಸುತ್ತು ಹಾಕಿ, ಇಳಿಯಲು ಜಾಗ ಕಾಣದೆ ಹೋಗುತ್ತವೆ. ಹೋಗಿ ಎಲ್ಲಿ ಬೀಳುತ್ತವೋ ನಾನು ನೋಡಬೇಕಾಗಿಲ್ಲ. ಅಕ್ಕನನ್ನಾದರೆ ದಿನಾ ನೋಡಬೇಕು. ಹೀಗೆಲ್ಲ ಲೆಕ್ಕ ಹಾಕಿ, ಖಾತ್ರಿಯಿಲ್ಲ ಎನ್ನುವುದೆಂದು ನಿರ್ಧಾರ ಮಾಡಿಕೊಂಡೇ ನಾನು ಸಭೆಗೆ ಹೋದೆ.

ಸಭೆ ಇದ್ದದ್ದು ಆ ಬೀದಿಯ ಮಕ್ಕಳು ಹೋಗುವ ಶಾಲೆಯಲ್ಲಿ. ದೊಡ್ಡವರೆಲ್ಲ ಮಕ್ಕಳ ಬೆಂಚುಗಳಲ್ಲಿ ಮೊಣಕಾಲು ಮಡಚಿ ಕೂತಿದ್ದರು. ಭಾವ ಮಾತ್ರ ನೋವಿನ ಕಾಲಿನಿಂದಾಗಿ ಗೋಡೆಗೆ ಒರಗಿ ನಿಂತಿದ್ದರು. ವೇದಿಕೆಯ ಮೇಲೆ ಪ್ರಾಧಿಕಾರದ ಅಧಿಕಾರಿ, ಇಸ್ತ್ರಿ, ಸಾಹೇಬರು, ತುದಿಯಲ್ಲಿ ನಾನು. ಅಕ್ಕ ಎರಡನೆಯ ಸಾಲಿನಲ್ಲಿದ್ದಳು. ತಲೆ ಬಾಚಿ, ತಾನೇ ಹೊಲಿದ ಒಳ್ಳೆಯ ಬಟ್ಟೆ ಹಾಕಿಕೊಂಡು ಬಂದಿದ್ದಳು. ನನ್ನ ಕಡೆ ನೋಡಲಿಲ್ಲ.

ಅಧಿಕಾರಿ ಯೋಜನೆಯನ್ನು ಓದಿದ. ಆಮೇಲೆ, ಎಲ್ಲವೂ ಬಹಿರಂಗವಾಗಿರಬೇಕೆಂದು, ವರದಿ ಬರೆದವರ ಅಕ್ಕ ಇದೇ ಬೀದಿಯ ನಿವಾಸಿ ಎಂಬುದು ದಾಖಲಾಗಿದೆ ಎಂದು ಪ್ರಕಟಿಸಿದ. ಬೀದಿಯವರಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಮೈಕಿನಲ್ಲಿ ಕೇಳಿದಾಗ ಎಲ್ಲರೂ ತಿರುಗಿ ಅಕ್ಕನನ್ನು ನೋಡಿದರು. ಅವಳು ತಲೆ ತಗ್ಗಿಸಿ ಬೆಂಚಿನ ಮೇಲೆ ಮಕ್ಕಳು ಗೀಚಿದ್ದನ್ನು ಬೆರಳಿನಿಂದ ಉಜ್ಜತೊಡಗಿದಳು. ಆಗ ನನಗೆ ಎದ್ದು ಹೋಗಿ ಅವಳ ಪಕ್ಕ ಕೂರಬೇಕೆನಿಸಿತು.

ಪ್ರಶ್ನೆಗಳ ಸರದಿ ಬಂದಾಗ ಅಕ್ಕ ಎದ್ದಳು. ಮೈಕು ಅವಳ ಕೈಯಲ್ಲಿ ಒಮ್ಮೆ ಕಿರ್ರೆಂದಿತು.

"ನಮ್ಮ ಮನೆಗಳನ್ನೆಲ್ಲ ಕೆಡವಿ ನೀರು ಬಿಟ್ಟ ಮೇಲೆ, ಆ ಹಕ್ಕಿಗಳು ಬಂದೇ ಬರ್ತಾವೆ ಅಂತ ಖಾತ್ರಿ ಇದೆಯಾ?" ಅಂದಳು. ಬಾಯಿಪಾಠ ಮಾಡಿಕೊಂಡು ಬಂದದ್ದೆಂದು ತಿಳಿಯುತ್ತಿತ್ತು. ಆಮೇಲೆ, ಕಲಿಸಿಕೊಡದ ಒಂದು ಮಾತನ್ನೂ ಸೇರಿಸಿದಳು. "ನೋಡ್ಕೊಂಡು ಹೇಳಿ."

ಅಧಿಕಾರಿ ನನ್ನ ಕಡೆ ತಿರುಗಿದ. ಅಕ್ಕನೂ ಆಗ ಮೊದಲ ಸಲ ನನ್ನನ್ನು ನೋಡಿದಳು. ಶಾಲೆಯ ಅಂಗಳದಲ್ಲಿ ನನ್ನನ್ನು ಯಾರಾದರೂ ಹೊಡೆಯಲು ಬಂದರೆ ಅಡ್ಡ ಬಂದು ನಿಲ್ಲುತ್ತಿದ್ದ ಅಕ್ಕ, ಈಗ ನಾನು 'ಇಲ್ಲ' ಎನ್ನುವುದನ್ನು ಕಾಯುತ್ತಾ ನಿಂತಿದ್ದಳು. ಒಂದೇ ಒಂದು ಮಾತು ಸಾಕಿತ್ತು. ನಾಲಿಗೆಯ ತುದಿಯಲ್ಲೇ ಇತ್ತು.

"ಬರ್ತಾವೆ," ಅಂದೆ.

"ಖಚಿತವಾಗಿ?" ಎಂದು ಅಧಿಕಾರಿ ಬರೆದುಕೊಳ್ಳುತ್ತಾ ಕೇಳಿದ.

"ಖಚಿತವಾಗಿ. ಈಗಾಗಲೇ ಬರ್ತಿದಾವೆ."

ಪಕ್ಕದಲ್ಲಿ ಸಾಹೇಬರು ಬೆರಗಾಗಿ ನನ್ನ ಮುಖ ನೋಡಿದರು. ನಮ್ಮ ಸಂಸ್ಥೆಯಲ್ಲಿ ಯಾರೂ ಆ ಮಾತನ್ನು ಬಳಸಿದವರಿಲ್ಲ. ಯಾಕೆ ಹಾಗಂದೆ ಎಂದು ಕೇಳಿದರೆ ಇವತ್ತಿಗೂ ನನ್ನ ಬಳಿ ಘನವಾದ ಉತ್ತರವಿಲ್ಲ. ಹಕ್ಕಿಗಳ ಮೇಲಿನ ಕರುಣೆಯೆಂದು ಹೇಳಿಕೊಳ್ಳಬಹುದು, ಸತ್ಯದ ಮೇಲಿನ ಗೌರವವೆಂದೂ ಹೇಳಿಕೊಳ್ಳಬಹುದು. ಆ ಕ್ಷಣದಲ್ಲಿ ಅವೆರಡೂ ನನ್ನ ತಲೆಯಲ್ಲಿರಲಿಲ್ಲ. ಗೊತ್ತಿರುವ ವಿಷಯವನ್ನು ಯಾರೋ ಕೇಳಿದರು, ಗೊತ್ತಿರುವುದು ಬಾಯಿಗೆ ಬಂತು. ಅಷ್ಟೇ.

ಅಕ್ಕ ಮೈಕನ್ನು ಪಕ್ಕದವರಿಗೆ ಕೊಟ್ಟು ಕೂತಳು. ಆಮೇಲೆ ಯಾರ್ಯಾರೋ ಏನೇನೋ ಕೇಳಿದರು. ಹೊಸ ಮನೆಯ ಕೀಲಿ ಯಾವಾಗ, ಸಾಮಾನು ಸಾಗಿಸುವ ಲಾರಿ ಯಾರದು, ಮಕ್ಕಳ ಶಾಲೆ ಎಲ್ಲಿ ಎಂದು. ಕೋರ್ಟಿನ ಗುಮಾಸ್ತರು ಮಾತ್ರ ಏನೂ ಕೇಳದೆ ಪುಸ್ತಕವನ್ನು ಚೀಲದೊಳಗಿಟ್ಟುಕೊಂಡರು.

ಸಭೆ ಮುಗಿದು ಜನ ಚದುರುವಾಗ ನಾನು ಗೇಟಿಗೆ ಓಡಿದೆ. ಅಕ್ಕ ಭಾವನ ತೋಳು ಹಿಡಿದು ನಿಧಾನಕ್ಕೆ ಬರುತ್ತಿದ್ದಳು. ದಾರಿಗೆ ಅಡ್ಡ ನಿಂತೆ. ನೀನು ಸರಿಯಾಗೇ ಹೇಳಿದೆ ಬಿಡು, ಸುಳ್ಳು ಹೇಳೋಕಾಗುತ್ತಾ ಎಂದು ಅವಳ ಬಾಯಿಂದ ಬಂದರೆ ಸಾಕೆಂದು ಆಸೆಪಟ್ಟೆ. ಅವಳು ಅಂಥವಳೇ. ಚಿಕ್ಕಂದಿನಿಂದ ನನ್ನ ತಪ್ಪಿಗೆಲ್ಲ ಅವಳೇ ಸಮಾಧಾನ ಹೇಳಿದವಳು.

"ಅಕ್ಕ," ಅಂದೆ. "ನಾನು ಸುಳ್ಳು ಹೇಳಬೇಕಿತ್ತಾ?"

ಭಾವ ಬೇರೆ ಕಡೆ ನೋಡಿದರು. ಅಕ್ಕ ನನ್ನ ಮುಖವನ್ನು ಒಂದು ಗಳಿಗೆ ನೋಡಿದಳು. ನನ್ನ ಅಂಗಿಯ ಭುಜದ ಹೊಲಿಗೆ ಬಿಚ್ಚಿತ್ತು. ಅಭ್ಯಾಸಬಲದಿಂದ ಅವಳ ಕೈ ಅಲ್ಲಿಗೆ ಬಂದು, ಮುಟ್ಟದೆ ಹಿಂದಕ್ಕೆ ಹೋಯಿತು.

"ಹೂಂ," ಅಂದಳು. "ಹೇಳಬೇಕಿತ್ತು."

ಆಮೇಲೆ ಭಾವನನ್ನು ನಡೆಸಿಕೊಂಡು ಮನೆಯ ಕಡೆಗೆ ಹೋದಳು. ನಾನು ಹಿಂದೆ ಹೋಗಲಿಲ್ಲ, ಅವಳು ಕರೆಯಲೂ ಇಲ್ಲ.